ಗಣಕಕ್ಕೆ ಕಾಣದ ಸ್ಕ್ಯಾನರ್: ಉತ್ತರ ತುಮಕೂರಿನ ದಾಖಲೆಗಳ ಪ್ರತಿಗಳನ್ನು ಕುರಿತು ಒಂದು ವಿಚಾರ

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಚರಿತ್ರೆಯ ವಿದ್ಯಾರ್ಥಿಗೆ ಅಪರಿಚಿತವಾದುವಲ್ಲ. ಪಾವಗಡ ತಾಲ್ಲೂಕಿನ ನಿಡುಗಲ್ಲು ಚೋಳವಂಶದ ಒಂದು ಶಾಖೆಗೆ ನೆಲೆಯಾಗಿದ್ದಿತು. ಶಿರಾ ಪಟ್ಟಣವು ಬಿಜಾಪುರದ ಅಧಿಕಾರಿಗಳ ಕೈಯಿಂದ 1687ರಲ್ಲಿ ಮೊಗಲರ ವಶವಾಗಿ, ಒಂದು ಸುಭೆಯ ಕೇಂದ್ರಸ್ಥಾನವಾಯಿತು; 1651ರಲ್ಲಿ ಗತಿಸಿದ ಮಲಿಕ್ ರಿಹಾನನ ಗೋರಿ ಹಾಗೂ 1696ರ ಜುಮ್ಮಾ ಮಸೀದಿಗಳು ಆ ಕಾಲವನ್ನು ಇಂದಿಗೂ ನೆನಪಿಗೆ ತರುತ್ತವೆ. ಮಧುಗಿರಿ, ಕೊರಟಗೆರೆಗಳು ಪಾಳೆಯಗಾರರ ಸ್ಥಾನಗಳಾಗಿದ್ದುವು. ಈ ನಾಡಿನ ಕಲ್ಲುಬರಹಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ, 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟದಲ್ಲಿ ಪ್ರಕಟಿಸಿದುದು ಸರ್ವವಿದಿತವಾದ ಸಂಗತಿ.

ಕಲ್ಲಿನ ಮೇಲಿನ ಬರಹಕ್ಕೆ ದೊರೆತ ಈ ಭಾಗ್ಯವು ಕಾಗದದ ಮೇಲಿನ ಬರಹಕ್ಕೆ ಅಷ್ಟಾಗಿ ದೊರೆಯಲಿಲ್ಲ. ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಶಾಸನವು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಮೇಲೆ ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಕೆಲವು ಸರ್ಕಾರದ ಕಚೇರಿಗಳನ್ನು ಸೇರಿದುವು; ಕೆಲವು ಮನೆಗಳ ಅಟ್ಟದಲ್ಲಿಯೇ ಉಳಿದುವು. ಹುಣಸೆಬೀಜದ ಸರಿ ಮತ್ತು ಇದ್ದಲಿನ ಮಸಿಯನ್ನು ಬಟ್ಟೆಗೆ ಬಳಿದು, ಬಳಪದಿಂದ ಬರೆಯುತ್ತಿದ್ದ ಕಡತಗಳು, ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳು, ದೇವಸ್ಥಾನದ ಲೆಕ್ಕಗಳು, ಕ್ರಯಪತ್ರಗಳು—ಇವು ಗೆದ್ದಲಿಗೂ ತೇವಕ್ಕೂ ತುತ್ತಾಗುವ ವಸ್ತುಗಳು. ಶಾಲೆಯ ಒಂದು ದಾಖಲಾತಿ ಪುಸ್ತಕ ನಾಶವಾದರೆ, ಆ ಊರಿನಲ್ಲಿ ಯಾವ ಯಾವ ಕುಲದ, ಯಾವ ಯಾವ ಕಸುಬಿನವರ ಮಕ್ಕಳು ಯಾವಾಗ ಮೊದಲು ಅಕ್ಷರ ಕಲಿತರೆಂಬುದನ್ನು ತಿಳಿಯಲು ಬೇರೆ ಸಾಧನ ದೊರೆಯುವುದು ಅತಿ ವಿರಳ. ಇಂಥ ಪುಸ್ತಕಗಳ ಪ್ರತಿ ತೆಗೆಯಲು ನಮ್ಮ ಕಾಲದಲ್ಲಿ ಸುಲಭವಾಗಿ ದೊರೆಯುವ ಉಪಕರಣವೆಂದರೆ ಸ್ಕ್ಯಾನರ್.

ಹೀಗಿರಲು, ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕೆಲಸಕ್ಕೆ ತೊಡಗಿದಾಗ ಎದುರಾಗುವ ಒಂದು ವಿಘ್ನವನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡುತ್ತೇವೆ. ಗಣಕಯಂತ್ರದಲ್ಲಿರುವುದು ಲಿನಕ್ಸ್, ಸ್ಕ್ಯಾನರನ್ನು ಜೋಡಿಸಿದ್ದಾಗಿದೆ, ಆದರೆ ಪರದೆಯ ಮೇಲೆ ‘ಯಾವ ಸ್ಕ್ಯಾನರೂ ಕಂಡುಬಂದಿಲ್ಲ’ ಎಂಬ ಮಾತು ಮೂಡುತ್ತದೆ. ಯಂತ್ರವನ್ನು ಮೂಲೆಗೆ ಸರಿಸಿ, ಪುಸ್ತಕವನ್ನು ಮತ್ತೆ ಅಟ್ಟಕ್ಕೆ ಕಳುಹಿಸುವುದು ಸಾಮಾನ್ಯವಾಗಿ ಇದರ ಪರಿಣಾಮ. ಇದು ತಂತ್ರಜ್ಞರಿಗೆ ಬಿಡತಕ್ಕ ವಿಷಯವೆಂದು ಕೆಲವರು ಹೇಳಬಹುದು. ಆದರೆ ಈ ವಿಘ್ನದ ಮೂಲವು ಚರಿತ್ರೆಯಲ್ಲಿದೆ. ಅದರ ಪರಿಹಾರಕ್ಕೆ ಬೇಕಾದ ಕ್ರಮವೋ, ಸಾಕ್ಷ್ಯವನ್ನು ಒಂದೊಂದಾಗಿ ಪರೀಕ್ಷಿಸುವ ನಮ್ಮ ಶಾಸ್ತ್ರದ ಕ್ರಮವೇ ಆಗಿದೆ. ಇದನ್ನು ತೋರಿಸುವುದೇ ನಮ್ಮ ಉದ್ದೇಶ.

ಈ ಪ್ರಾಂತಕ್ಕೆ ಲಿನಕ್ಸ್ ಹೊಸದಲ್ಲವೆಂಬುದನ್ನು ಮೊದಲು ಹೇಳಬೇಕು. ಮೇಲಿನ ನಾಲ್ಕು ತಾಲ್ಲೂಕುಗಳು ಕೂಡಿ ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. 2010ರ ದಶಕದಲ್ಲಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಎಂಬ ಲಿನಕ್ಸ್ ವಿತರಣೆಯನ್ನೇ ಬಳಸಲಾಯಿತು. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಂತೂ ಸ್ವತಂತ್ರ ತಂತ್ರಾಂಶವು ಇನ್ನೂ ಮೊದಲೇ ನೆಲೆಯೂರಿದ್ದುದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನ ಮೇಲೆಯೇ ಗಣಕವಿದ್ಯೆಯನ್ನು ಕಲಿಯುತ್ತ ಬಂದಿದ್ದಾರೆ. ಪರವಾನಗಿಯ ಹಣ ಕೊಡಬೇಕಾಗಿಲ್ಲದಿರುವುದು, ಹಳೆಯ ಯಂತ್ರಗಳಲ್ಲಿಯೂ ನಡೆಯುವುದು, ಕನ್ನಡದ ಬರವಣಿಗೆಗೆ ಅನುಕೂಲವಾಗಿರುವುದು ಇದಕ್ಕೆ ಕಾರಣಗಳು. ಆದುದರಿಂದ ‘ಲಿನಕ್ಸನ್ನು ಬಿಟ್ಟುಬಿಡಿ’ ಎಂಬುದು ನಮ್ಮ ವಿದ್ಯಾಸಂಸ್ಥೆಗಳಿಗೆ ತಕ್ಕ ಉತ್ತರವಲ್ಲ.

ಇನ್ನು ಪೂರ್ವಚರಿತ್ರೆ. ಚಿತ್ರವನ್ನು ಅಂಕಿಗಳನ್ನಾಗಿ ಪರಿವರ್ತಿಸುವ ಸ್ಕ್ಯಾನರನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಷ್ ಎಂಬವರೂ ಅವರ ಸಹೋದ್ಯೋಗಿಗಳೂ 1957ರಲ್ಲಿ ನಿರ್ಮಿಸಿದರು. ಕಿರ್ಷ್ ತಮ್ಮ ಶಿಶುವಿನ ಭಾವಚಿತ್ರವನ್ನು ಉದ್ದಕ್ಕೆ 176, ಅಗಲಕ್ಕೆ 176 ಬಿಂದುಗಳಂತೆ ಗಣಕಕ್ಕೆ ಊಡಿಸಿದರು. ಯಂತ್ರ ಒಂದೇ, ಗಣಕವೂ ಒಂದೇ ಆಗಿದ್ದ ಆ ಕಾಲದಲ್ಲಿ ಪರಸ್ಪರ ಪರಿಚಯದ ಪ್ರಶ್ನೆಯೇ ಇರಲಿಲ್ಲ. ಅನೇಕ ತಯಾರಕರ ಯಂತ್ರಗಳು ಅನೇಕ ಬಗೆಯ ಗಣಕಗಳಿಗೆ ಜೋಡಿಯಾಗತೊಡಗಿದಾಗ, ಒಂದರ ಭಾಷೆಯನ್ನು ಮತ್ತೊಂದಕ್ಕೆ ತಿಳಿಸುವ ದ್ವಿಭಾಷಿ ಬೇಕಾಯಿತು. ಈ ದ್ವಿಭಾಷಿಯನ್ನೇ ಡ್ರೈವರ್ ಎನ್ನುತ್ತಾರೆ.

ಡ್ರೈವರನ್ನು ಬರೆಯಬೇಕಾದರೆ ಯಂತ್ರದ ಆಂತರಿಕ ಆಜ್ಞೆಗಳನ್ನು ಅರಿತಿರಬೇಕು. ಬಹುಮಂದಿ ತಯಾರಕರು ಅವನ್ನು ವಾಣಿಜ್ಯದ ಗುಟ್ಟೆಂದು ಬಚ್ಚಿಟ್ಟರು. ಹೆಚ್ಚು ಮಾರಾಟವಾಗುತ್ತಿದ್ದ ಗಣಕವ್ಯವಸ್ಥೆಗಳಿಗೆ ಮಾತ್ರ ತಾವೇ ಡ್ರೈವರನ್ನು ಬರೆದುಕೊಟ್ಟರು. ಈ ಗುಟ್ಟುತನದ ವಿರುದ್ಧವಾಗಿಯೇ ಸ್ವತಂತ್ರ ತಂತ್ರಾಂಶದ ಚಳವಳಿ ತಲೆಯೆತ್ತಿತೆಂಬುದು ಗಮನಾರ್ಹ. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಶಾಲೆಗೆ 1980ರ ಸುಮಾರಿಗೆ ಬಂದ ಒಂದು ಲೇಸರ್ ಮುದ್ರಣಯಂತ್ರದ ತಂತ್ರಾಂಶವನ್ನು ತಿದ್ದಲು ಅವಕಾಶ ದೊರೆಯದೆ ಹೋದುದು ರಿಚರ್ಡ್ ಸ್ಟಾಲ್ಮನ್ನರ ವಿಚಾರಕ್ಕೆ ಒಂದು ಪ್ರೇರಣೆಯಾಯಿತು. ಗ್ನು ಯೋಜನೆಯನ್ನು ಅವರು ಸಾರಿದುದು 1983ರಲ್ಲಿ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಕರ್ನೆಲ್ ಈ ಯೋಜನೆಯ ತಂತ್ರಾಂಶಗಳೊಡನೆ ಸೇರಿ, ನಾವು ಇಂದು ಬಳಸುವ ಲಿನಕ್ಸ್ ವ್ಯವಸ್ಥೆಯಾಯಿತು. 1990ರ ದಶಕದ ಉತ್ತರಾರ್ಧದಲ್ಲಿ ಡೇವಿಡ್ ಮೋಸ್‌ಬರ್ಗರ್ ಮೊದಲಾದವರು ಸ್ಕ್ಯಾನರುಗಳಿಗಾಗಿ ‘ಸೇನ್’ ಎಂಬ ಏರ್ಪಾಡನ್ನು ರೂಪಿಸಿದರು.

ಸೇನ್ ಏರ್ಪಾಡಿನ ಮರ್ಮವು ಕೆಲಸವನ್ನು ಎರಡಾಗಿ ಹಂಚಿದುದರಲ್ಲಿದೆ. ಬಳಸುವವನ ಕಣ್ಣಿಗೆ ಬೀಳುವ ಪ್ರೋಗ್ರಾಂ ಒಂದು ಕಡೆ. ಯಂತ್ರದೊಡನೆ ಮಾತನಾಡುವ ಬ್ಯಾಕೆಂಡ್ ಎಂಬ ಡ್ರೈವರ್ ಮತ್ತೊಂದು ಕಡೆ. ನಡುವೆ ಇಬ್ಬರೂ ಒಪ್ಪಿದ ಒಂದೇ ನಿಯಮಾವಳಿ. ಒಂದು ಬ್ಯಾಕೆಂಡನ್ನು ಒಮ್ಮೆ ಬರೆದರೆ ಎಲ್ಲ ಪ್ರೋಗ್ರಾಂಗಳಿಗೂ ಅದು ಉಪಯೋಗಕ್ಕೆ ಬರುತ್ತದೆ. ಆದರೆ ತಯಾರಕರು ವಿವರ ಕೊಡದ ಯಂತ್ರಗಳಿಗೆ, ತಂತಿಯಲ್ಲಿ ಹರಿಯುವ ಸಂಕೇತಗಳನ್ನು ದಾಖಲಿಸಿ, ಅವುಗಳ ಅರ್ಥವನ್ನು ಊಹಿಸಿ, ಪರೀಕ್ಷಿಸಿ, ಬ್ಯಾಕೆಂಡ್ ಬರೆಯಬೇಕಾಯಿತು. ಓದಲು ಬಾರದ ಲಿಪಿಯನ್ನು ತಿಳಿದ ಹೆಸರುಗಳ ಆಧಾರದಿಂದ ಬಿಡಿಸಿದ ವಿದ್ವಾಂಸರ ಪರಿಶ್ರಮವೇ ಇದು. ಹೀಗೆ ಬಿಡಿಸಲಾಗದೆ ಉಳಿದ ಯಂತ್ರಗಳು ಲಿನಕ್ಸಿಗೆ ಇಂದಿಗೂ ಕಾಣವು. ‘ಸ್ಕ್ಯಾನರ್ ಕಾಣುತ್ತಿಲ್ಲ’ ಎಂಬುದು ಅನೇಕ ವೇಳೆ ಲಿನಕ್ಸಿನ ಕುರುಡಲ್ಲ, ಯಂತ್ರದ ಮೌನವೆಂಬುದು ಇದರಿಂದ ವಿದಿತವಾಗುತ್ತದೆ.

ಆದರೂ ಎಲ್ಲ ಸಂದರ್ಭಗಳಲ್ಲಿಯೂ ತಯಾರಕರನ್ನೇ ದೂರುವುದು ಯುಕ್ತವಲ್ಲ. ‘ಕಾಣುತ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಐದಾರು ಭಿನ್ನ ಕಾರಣಗಳಿರಬಹುದು. ಯಾರಿಗೆ ಕಾಣುತ್ತಿಲ್ಲ? ತಂತಿಗೋ, ಕರ್ನೆಲ್ಲಿಗೋ, ಬ್ಯಾಕೆಂಡಿಗೋ, ಪ್ರೋಗ್ರಾಮಿಗೋ, ಅಥವಾ ಬಳಸುವವನಿಗೆ ಅಧಿಕಾರವಿಲ್ಲವೋ? ಈ ಸಾಕ್ಷಿಗಳನ್ನು ಕೆಳಗಿನಿಂದ ಮೇಲಕ್ಕೆ ಅನುಕ್ರಮವಾಗಿ ವಿಚಾರಿಸಬೇಕು. ನಡುವಿನಿಂದ ಪ್ರಾರಂಭಿಸಿ, ಸಿಕ್ಕಿದ ತಂತ್ರಾಂಶಗಳನ್ನೆಲ್ಲ ಹಾಕುತ್ತ ಹೋದರೆ ಮೂಲಕಾರಣ ಇನ್ನಷ್ಟು ಮರೆಯಾಗುತ್ತದೆ.

ಮೊದಲನೆಯ ಸಾಕ್ಷಿ ತಂತಿ. ಯಂತ್ರಕ್ಕೆ ವಿದ್ಯುತ್ತು ಬರುತ್ತಿದೆಯೇ, ಕೇಬಲ್ ಸರಿಯಾಗಿದೆಯೇ ಎಂಬುದನ್ನು ನೋಡಬೇಕು. ಅನೇಕ ಉಪಕರಣಗಳನ್ನು ಜೋಡಿಸುವ ಹಬ್ಬನ್ನು ತೆಗೆದು, ಸ್ಕ್ಯಾನರನ್ನು ನೇರವಾಗಿ ಗಣಕದ ಯುಎಸ್‌ಬಿ ಕಿಂಡಿಗೆ ಸೇರಿಸಬೇಕು. ಹಳೆಯ ಮಾದರಿಯ ಸ್ಕ್ಯಾನರುಗಳಲ್ಲಿ ಸಾಗಾಣಿಕೆಗಾಗಿ ಹಾಕಿದ ಬೀಗವಿದ್ದರೆ ಅದನ್ನು ಬಿಡಿಸಬೇಕು. ಬಳಿಕ ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆಯನ್ನು ಕೊಟ್ಟರೆ, ಕರ್ನೆಲ್ಲಿಗೆ ಕಂಡ ಯುಎಸ್‌ಬಿ ಉಪಕರಣಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಈ ಪಟ್ಟಿಯಲ್ಲಿ ಸ್ಕ್ಯಾನರ್ ಇಲ್ಲದಿದ್ದರೆ ದೋಷವು ತಂತಿ, ಕಿಂಡಿ, ವಿದ್ಯುತ್ತು ಅಥವಾ ಯಂತ್ರದ್ದೇ ಆಗಿರಬೇಕು. ಯಾವ ಡ್ರೈವರನ್ನು ಹಾಕಿದರೂ ಫಲವಿಲ್ಲ.

ಪಟ್ಟಿಯಲ್ಲಿ ಪ್ರತಿಯೊಂದು ಉಪಕರಣಕ್ಕೂ ನಾಲ್ಕು ನಾಲ್ಕು ಅಂಕೆಗಳ ಎರಡು ಗುರುತುಗಳಿರುತ್ತವೆ. ಮೊದಲನೆಯದು ತಯಾರಕನದು, ಎರಡನೆಯದು ಮಾದರಿಯದು. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಈ ಗುರುತೇ ಪ್ರಮಾಣವೆಂದು ಭಾವಿಸಬೇಕು. ಒಂದೇ ಹೆಸರಿನಡಿಯಲ್ಲಿ ಒಳಗಿನ ರಚನೆ ಬೇರೆ ಬೇರೆಯಾದ ಯಂತ್ರಗಳು ಮಾರಾಟವಾಗುವುದುಂಟು. ರೈಸ್ ಅವರ ಸಂಪುಟದಲ್ಲಿ ಮಧುಗಿರಿಯನ್ನು ಹುಡುಕುವವನು ‘ಮದ್ದಗಿರಿ’ ಎಂಬ ಹಳೆಯ ಹೆಸರಿನಡಿಯಲ್ಲಿ ನೋಡಬೇಕಾಗುತ್ತದೆ. ಹೆಸರು ಬದಲಾದರೂ ತಾಲ್ಲೂಕಿನ ಗುರುತು, ಶಾಸನದ ಸಂಖ್ಯೆ ಇವುಗಳ ಸಹಾಯದಿಂದ ಉಲ್ಲೇಖ ತಪ್ಪುವುದಿಲ್ಲ. ಯಂತ್ರದ ವಿಷಯದಲ್ಲಿಯೂ ಹಾಗೆಯೇ.

ಎರಡನೆಯ ಸಾಕ್ಷಿ ‘ಸೇನ್-ಫೈಂಡ್-ಸ್ಕ್ಯಾನರ್’ ಎಂಬ ಆಜ್ಞೆ. ಡೆಬಿಯನ್, ಉಬುಂಟು ವಿತರಣೆಗಳಲ್ಲಿ ಇದು ‘ಸೇನ್-ಯುಟಿಲ್ಸ್’ ಎಂಬ ಪ್ಯಾಕೇಜಿನಲ್ಲಿ ದೊರೆಯುತ್ತದೆ. ಬ್ಯಾಕೆಂಡ್ ಇರಲಿ ಇಲ್ಲದಿರಲಿ, ಸ್ಕ್ಯಾನರಿನಂತೆ ತೋರುವ ಉಪಕರಣವು ತಂತಿಯ ತುದಿಯಲ್ಲಿದೆಯೇ ಎಂಬುದಷ್ಟನ್ನೇ ಇದು ಹೇಳುತ್ತದೆ. ಮೂರನೆಯ ಸಾಕ್ಷಿ ‘ಸ್ಕ್ಯಾನ್‌ಇಮೇಜ್’ ಆಜ್ಞೆ. ಅದರ ಮುಂದೆ ಒಂದು ಅಡ್ಡಗೆರೆಯನ್ನೂ ಇಂಗ್ಲಿಷಿನ ದೊಡ್ಡ ‘ಎಲ್’ ಅಕ್ಷರವನ್ನೂ ಸೇರಿಸಿ ಕೊಡಬೇಕು. ಯಾವುದಾದರೊಂದು ಬ್ಯಾಕೆಂಡ್ ತನ್ನದೆಂದು ಗುರುತಿಸಿದ ಯಂತ್ರಗಳನ್ನು ಮಾತ್ರ ಇದು ತೋರಿಸುತ್ತದೆ. ಈ ಇಬ್ಬರ ಹೇಳಿಕೆಗಳನ್ನು ಹೋಲಿಸಿದರೆ ದೋಷದ ಸ್ಥಾನ ಬಹಳಮಟ್ಟಿಗೆ ಗೊತ್ತಾಗುತ್ತದೆ. ಮೊದಲಿನದಕ್ಕೆ ಕಂಡು, ಎರಡನೆಯದಕ್ಕೆ ಕಾಣದಿದ್ದರೆ, ಯಂತ್ರವಿದೆ ಆದರೆ ದ್ವಿಭಾಷಿ ಇಲ್ಲ, ಅಥವಾ ಇದ್ದರೂ ಅವನಿಗೆ ಒಳಗೆ ಪ್ರವೇಶವಿಲ್ಲ ಎಂದಾಯಿತು.

ಪ್ರವೇಶದ ಪ್ರಶ್ನೆಯನ್ನು ಮೊದಲು ಇತ್ಯರ್ಥಪಡಿಸಬೇಕು. ಅದೇ ಆಜ್ಞೆಯ ಮುಂದೆ ‘ಸುಡೊ’ ಎಂಬ ಪದವನ್ನಿಟ್ಟು, ಮೇಲಧಿಕಾರದಿಂದ ನಡೆಸಿ ನೋಡಬೇಕು. ಆಗ ಯಂತ್ರ ಕಾಣಿಸಿಕೊಂಡರೆ ಬ್ಯಾಕೆಂಡ್ ಸರಿಯಾಗಿದೆ, ಬಳಸುವವನಿಗೆ ಅನುಮತಿ ಮಾತ್ರ ಇಲ್ಲವೆಂದು ನಿಶ್ಚಯವಾಗುತ್ತದೆ. ಗಣಕದ ಮುಂದೆಯೇ ಕುಳಿತವನಿಗೆ ಈ ಅನುಮತಿಯನ್ನು ‘ಯುಡೆವ್’ ಎಂಬ ವ್ಯವಸ್ಥೆಯ ನಿಯಮಗಳು ಸಾಮಾನ್ಯವಾಗಿ ತಾವಾಗಿಯೇ ಒದಗಿಸುತ್ತವೆ; ದೂರದಿಂದ ಲಾಗಿನ್ ಆದವನಿಗೆ ಅದು ದೊರೆಯದೆ ಹೋಗಬಹುದು. ಡೆಬಿಯನ್ ಮೊದಲಾದ ವಿತರಣೆಗಳಲ್ಲಿ ಬಳಕೆದಾರನನ್ನು ‘ಸ್ಕ್ಯಾನರ್’ ಎಂಬ ಗುಂಪಿಗೆ, ಕೆಲವು ಬಹುಕಾರ್ಯ ಯಂತ್ರಗಳಾದರೆ ‘ಎಲ್‌ಪಿ’ ಎಂಬ ಗುಂಪಿಗೆ ಸೇರಿಸಬೇಕಾಗುತ್ತದೆ. ಹೀಗೆ ಸೇರಿಸಿದಮೇಲೆ ಒಮ್ಮೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗದಿದ್ದರೆ ಬದಲಾವಣೆ ಜಾರಿಗೆ ಬರುವುದಿಲ್ಲ. ನಿತ್ಯವೂ ಮೇಲಧಿಕಾರದಿಂದಲೇ ಸ್ಕ್ಯಾನ್ ಮಾಡುವುದು ಪರಿಹಾರವಲ್ಲ. ಕಡತಗಳೆಲ್ಲ ಬೇರೊಬ್ಬರ ಒಡೆತನಕ್ಕೆ ಸೇರಿ ಮುಂದೆ ತೊಡಕಾಗುತ್ತದೆ.

ಮೇಲಧಿಕಾರಕ್ಕೂ ಕಾಣದಿದ್ದರೆ ಬ್ಯಾಕೆಂಡನ್ನೇ ವಿಚಾರಿಸಬೇಕು. ಇಲ್ಲಿ ಮೂರು ಸಂಭವಗಳಿವೆ. ಮೊದಲನೆಯದಾಗಿ, ಸೇನ್ ಏರ್ಪಾಡಿನ ‘ಡಿಎಲ್‌ಎಲ್ ಡಾಟ್ ಕಾನ್ಫ್’ ಎಂಬ ಕಡತದಲ್ಲಿ ಬ್ಯಾಕೆಂಡುಗಳ ಹೆಸರುಗಳಿರುತ್ತವೆ. ಬೇಕಾದ ಹೆಸರು ಇಲ್ಲದಿದ್ದರೆ, ಅಥವಾ ಅದರ ಮುಂದೆ ಹ್ಯಾಷ್ ಚಿಹ್ನೆಯಿದ್ದರೆ, ಆ ಬ್ಯಾಕೆಂಡನ್ನು ಯಾರೂ ಕರೆಯುವುದಿಲ್ಲ. ಎರಡನೆಯದಾಗಿ, ಕೆಲವು ಯಂತ್ರಗಳಿಗೆ ಪ್ರತಿಸಲವೂ ಗಣಕವೇ ಫರ್ಮ್‌ವೇರ್ ಎಂಬ ಕಿರುತಂತ್ರಾಂಶವನ್ನು ಊಡಿಸಬೇಕು. ಅದು ತಯಾರಕರ ಸ್ವತ್ತಾದುದರಿಂದ ವಿತರಣೆಯ ಜೊತೆಗೆ ಬಾರದೆ, ಬೇರೆಯಾಗಿ ತಂದು ಹಾಕಬೇಕಾಗುತ್ತದೆ. ಮೂರನೆಯದಾಗಿ, ಕೆಲವು ತಯಾರಕರು ಲಿನಕ್ಸಿಗಾಗಿ ತಮ್ಮದೇ ಡ್ರೈವರನ್ನು ಕೊಡುತ್ತಾರೆ. ಆದರೆ ಅದು ತನ್ನ ಕಡತಗಳನ್ನು ಒಂದು ಕೋಶದಲ್ಲಿಟ್ಟರೆ, ನಮ್ಮ ವಿತರಣೆಯು ಅವನ್ನು ಬೇರೊಂದು ಕೋಶದಲ್ಲಿ ಹುಡುಕುವುದುಂಟು. ಆಗ ಡ್ರೈವರ್ ಇದ್ದೂ ಇಲ್ಲದಂತಾಗುತ್ತದೆ. ಎರಡು ಕೋಶಗಳ ನಡುವೆ ಕೊಂಡಿ ಹಾಕಿದರೆ ಸಾಕಾಗುತ್ತದೆ.

ಮುದ್ರಣ, ಪ್ರತಿ, ಸ್ಕ್ಯಾನ್ ಮೂರನ್ನೂ ಮಾಡುವ ಬಹುಕಾರ್ಯ ಯಂತ್ರಗಳು ಈಚೆಗೆ ಹೆಚ್ಚಾಗಿವೆ. ಅವುಗಳಲ್ಲಿ ಅನೇಕವು ‘ಇಎಸ್‌ಸಿಎಲ್’ ಎಂಬ ಸಾಮಾನ್ಯ ಭಾಷೆಯನ್ನು ಬಲ್ಲವು. ಅವಕ್ಕೆ ಪ್ರತ್ಯೇಕ ಡ್ರೈವರ್ ಬೇಕಾಗಿಲ್ಲ. 2021ರಲ್ಲಿ ಹೊರಬಂದ ಡೆಬಿಯನ್ 11ರ ವೇಳೆಗೆ ‘ಸೇನ್-ಏರ್‌ಸ್ಕ್ಯಾನ್’, ‘ಐಪಿಪಿ-ಯುಎಸ್‌ಬಿ’ ಎಂಬ ಪ್ಯಾಕೇಜುಗಳು ಈ ಕೆಲಸಕ್ಕಾಗಿ ದೊರೆಯುವಂತಾದುವು. ಜಾಲದ ಮೂಲಕ ಜೋಡಿಸಿದ ಯಂತ್ರ ಕಾಣದಿದ್ದರೆ, ಗಣಕವೂ ಯಂತ್ರವೂ ಒಂದೇ ಜಾಲದಲ್ಲಿವೆಯೇ, ಅತಿಥಿಗಳ ವೈಫೈಗೆ ಒಂದು ಸೇರಿಕೊಂಡಿಲ್ಲವಷ್ಟೆ, ಫೈರ್‌ವಾಲ್ ಅಡ್ಡವಾಗಿಲ್ಲವಷ್ಟೆ ಎಂದು ನೋಡಬೇಕು. ಯುಎಸ್‌ಬಿಯಿಂದ ಜೋಡಿಸಿದ ಬಹುಕಾರ್ಯ ಯಂತ್ರದ ವಿಷಯದಲ್ಲಿ ಒಂದು ವಿಶೇಷವಿದೆ: ‘ಐಪಿಪಿ-ಯುಎಸ್‌ಬಿ’ ಸೇವೆಯು ಯಂತ್ರವನ್ನು ತನ್ನ ವಶಕ್ಕೆ ತೆಗೆದುಕೊಂಡಾಗ ಹಳೆಯ ಡ್ರೈವರಿಗೆ ಅದು ದೊರೆಯುವುದಿಲ್ಲ. ಇವೆರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳುವುದು ಲೇಸು.

ಕೊನೆಯ ಸಾಕ್ಷಿ ಪ್ರೋಗ್ರಾಂ. ‘ಸ್ಕ್ಯಾನ್‌ಇಮೇಜ್’ ಆಜ್ಞೆಗೆ ಕಂಡ ಯಂತ್ರವು ಚಿತ್ರರೂಪದ ಪ್ರೋಗ್ರಾಮಿಗೆ ಮಾತ್ರ ಕಾಣದಿದ್ದರೆ, ಆ ಪ್ರೋಗ್ರಾಂ ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ, ಹೊರಗಿನ ಡ್ರೈವರುಗಳನ್ನು ಮುಟ್ಟದಂತೆ ಬೇಲಿಯೊಳಗೆ ನಡೆಯುತ್ತಿರಬಹುದು. ವಿತರಣೆಯದೇ ಭಂಡಾರದಿಂದ ‘ಸಿಂಪಲ್ ಸ್ಕ್ಯಾನ್’ ಅಥವಾ ‘ಎಕ್ಸ್‌ಸೇನ್’ ಎಂಬುದನ್ನು ಹಾಕಿಕೊಂಡು ಪರೀಕ್ಷಿಸಿದರೆ ಸಂದೇಹ ಪರಿಹಾರವಾಗುತ್ತದೆ.

ಇಲ್ಲಿ ಆಧಾರಗಳ ಕಾಲನಿರ್ಣಯದ ವಿಷಯವಾಗಿ ಒಂದು ಮಾತು. ಲಿನಕ್ಸಿನ ಹಳೆಯ ಸಲಹೆಗಳಲ್ಲಿ ಯುಎಸ್‌ಬಿ ಸ್ಕ್ಯಾನರಿಗಾಗಿ ಕರ್ನೆಲ್ಲಿನ ‘ಸ್ಕ್ಯಾನರ್’ ಘಟಕವನ್ನು ತುಂಬಬೇಕೆಂದು ಹೇಳಿರುವುದು ಕಂಡುಬರುತ್ತದೆ. ಕರ್ನೆಲ್ಲಿನ 2.6 ಸರಣಿಯಲ್ಲಿ ಆ ಘಟಕವನ್ನೇ ತೆಗೆದುಹಾಕಿ, ‘ಲಿಬ್‌ಯುಎಸ್‌ಬಿ’ ಎಂಬ ಮಾರ್ಗವನ್ನು ಅನುಸರಿಸಲಾಯಿತು. ಆದುದರಿಂದ ಇಲ್ಲದ ಘಟಕವನ್ನು ಇಂದು ಹುಡುಕುವುದು ವ್ಯರ್ಥ. ಸಲಹೆ ಯಾವ ವರ್ಷದ್ದು, ಯಾವ ವಿತರಣೆಯದು, ಯಾವ ಯಂತ್ರದ್ದು ಎಂಬುದನ್ನು ತಿಳಿಯದೆ ಅನುಸರಿಸುವುದು, ತೇದಿಯಿಲ್ಲದ ಶಾಸನವನ್ನು ಆಧಾರವಾಗಿಟ್ಟು ವಂಶಾವಳಿಯನ್ನು ರಚಿಸಿದಂತೆಯೇ ಸರಿ.

ಈ ಎಲ್ಲ ವಿಚಾರಣೆಯ ಅನಂತರವೂ ಯಂತ್ರ ಮೌನವಾಗಿಯೇ ಉಳಿದರೆ, ಅದಕ್ಕೆ ಬ್ಯಾಕೆಂಡ್ ಇಲ್ಲವೆಂದು ಒಪ್ಪಿಕೊಳ್ಳಬೇಕು. ಸೇನ್ ಯೋಜನೆಯವರು ಯಾವ ಯಂತ್ರ ಎಷ್ಟರಮಟ್ಟಿಗೆ ನಡೆಯುತ್ತದೆಂಬುದನ್ನು, ಪೂರ್ಣವಾಗಿ ನಡೆಯುವುದರಿಂದ ಹಿಡಿದು ಏನೂ ನಡೆಯದಿರುವುದರವರೆಗೆ ದರ್ಜೆಗಳಾಗಿ ವಿಂಗಡಿಸಿ ಪಟ್ಟಿಮಾಡಿದ್ದಾರೆ. ಕಾಲೇಜಿನ ಖರೀದಿ ಸಮಿತಿಯು ದರಪಟ್ಟಿಗಳನ್ನು ತರಿಸುವ ಮುನ್ನ ಈ ಪಟ್ಟಿಯನ್ನು ನೋಡಿದರೆ, ಮೇಲೆ ಹೇಳಿದ ಶ್ರಮದಲ್ಲಿ ಬಹುಭಾಗ ತಪ್ಪುತ್ತದೆ. ದರಪಟ್ಟಿಯ ಷರತ್ತುಗಳಲ್ಲಿ ‘ಲಿನಕ್ಸಿನಲ್ಲಿ ನಡೆದು ತೋರಿಸತಕ್ಕದ್ದು’ ಎಂಬ ಒಂದು ಸಾಲನ್ನು ಸೇರಿಸಲು ಯಾವ ವೆಚ್ಚವೂ ಇಲ್ಲ. ತಯಾರಕರು ವಿವರಗಳನ್ನು ಬಚ್ಚಿಡುವುದಕ್ಕೆ ಕಾರಣ ಕೇಳುವವರಿಲ್ಲದಿರುವುದು. ಕೇಳುವವರು ಸಾರ್ವಜನಿಕ ವಿದ್ಯಾಸಂಸ್ಥೆಗಳೇ ಆಗಬೇಕು.

ಸ್ಕ್ಯಾನರ್ ಕಂಡಮೇಲೂ ಅದರ ಮಿತಿಯನ್ನು ಮರೆಯಲಾಗದು. ಸಾಮಾನ್ಯವಾದ ಎ4 ಸ್ಕ್ಯಾನರಿನ ಗಾಜು ಸುಮಾರು 216 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದವಾಗಿರುತ್ತದೆ. ಅಗಲವಾದ ದಾಖಲಾತಿ ಪುಸ್ತಕದ ಪುಟವನ್ನು ಎರಡು ಭಾಗವಾಗಿ ತೆಗೆಯಬೇಕಾಗುತ್ತದೆ. ಅಂಗುಲಕ್ಕೆ 300 ಬಿಂದುಗಳಂತೆ ತೆಗೆದ ಒಂದು ಎ4 ಪುಟವು 2480ಕ್ಕೆ 3508 ಬಿಂದುಗಳಾಗಿ, ಬಣ್ಣದಲ್ಲಾದರೆ, ಕುಗ್ಗಿಸದ ಸ್ಥಿತಿಯಲ್ಲಿ ಸುಮಾರು 26 ಮೆಗಾಬೈಟ್ ಸ್ಥಳವನ್ನು ಬೇಡುತ್ತದೆ. ಮಡಿಕೆ ಮಡಿಕೆಯಾದ ಕಡತವನ್ನೂ, ಮುಟ್ಟಿದರೆ ಮುರಿಯುವ ಓಲೆಯನ್ನೂ ಗಾಜಿನ ಮೇಲೆ ಒತ್ತುವುದು ಸಲ್ಲದು. ಅವಕ್ಕೆ ಕ್ಯಾಮರಾವೇ ತಕ್ಕುದು. ಯಂತ್ರದ ದೋಷ ಪರಿಹಾರವಾಗಲು ಕಾಲ ಹಿಡಿಯುವಂತಿದ್ದರೆ, ದಾಖಲೆಯನ್ನು ಕಾಯಿಸದೆ, ಅಂದಿಗೆ ಮೊಬೈಲಿನ ಕ್ಯಾಮರಾದಿಂದಲಾದರೂ ಒಂದು ಪ್ರತಿ ಮಾಡಿಡುವುದು ವಿಹಿತ.

ವಿಭಾಗದ ವಿದ್ಯಾರ್ಥಿಗಳಿಗೆ ಮತ್ತೊಂದು ಸೂಚನೆ. ಯಂತ್ರದ ಎರಡು ಗುರುತುಗಳು, ಲಿನಕ್ಸ್ ವಿತರಣೆಯ ಹೆಸರು ಮತ್ತು ಆವೃತ್ತಿ, ಕೊಟ್ಟ ಆಜ್ಞೆ, ಬಂದ ಉತ್ತರ, ತೇದಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮಧುಗಿರಿಯ ಕಾಲೇಜಿನಲ್ಲಿ ಪರಿಹಾರವಾದ ತೊಡಕು ಪಾವಗಡದಲ್ಲಿಯೋ ಶಿರಾದಲ್ಲಿಯೋ ಮತ್ತೆ ಎದುರಾಗುವುದು ಸಂಭವ; ಬರೆದಿಟ್ಟದ್ದು ಇಬ್ಬರಿಗೂ ಉಪಯೋಗಕ್ಕೆ ಬರುತ್ತದೆ.

ಒದ್ದೆಯ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಮಸಿಯೊತ್ತಿ ಪಡಿಯಚ್ಚು ತೆಗೆಯುವ ವಿಧಾನವನ್ನು ಶಾಸನಗಳನ್ನು ಓದುವವರು ಮೊದಲು ಕಲಿಯುತ್ತಾರೆ. ಕಾಗದ ಹರಿಯುವುದೇಕೆ, ಮಸಿ ಹರಡುವುದೇಕೆ ಎಂಬುದು ತಮಗೆ ಸಂಬಂಧಿಸಿದುದಲ್ಲವೆಂದು ಯಾವ ಶಾಸನತಜ್ಞರೂ ಹೇಳುವಂತಿಲ್ಲ. ನಮ್ಮ ಕಾಲದ ಪ್ರತಿಸಾಧನದ ವಿಷಯದಲ್ಲಿಯೂ ಅಷ್ಟೇ ಪರಿಚಯವು ನಮಗೆ ಅವಶ್ಯಕ. ಶತಮಾನಗಳ ಬಿಸಿಲುಮಳೆಗಳನ್ನು ತಡೆದು ನಿಂತ ನಿಡುಗಲ್ಲಿನ ಕಲ್ಲುಗಳು ರೈಸ್ ಅವರು ಬರುವವರೆಗೆ ಕಾದಿದ್ದುವು. ಈ ನಾಲ್ಕು ತಾಲ್ಲೂಕುಗಳ ಅಟ್ಟಗಳಲ್ಲಿಯೂ ಬೀರುಗಳಲ್ಲಿಯೂ ಇರುವ ಕಾಗದಗಳಿಗೆ ಅಷ್ಟು ಆಯುಸ್ಸಿಲ್ಲ. ಯಂತ್ರವೊಂದು ಕಾಣಲಿಲ್ಲವೆಂಬ ಕಾರಣಕ್ಕೆ ಅವುಗಳ ಪ್ರತಿ ತೆಗೆಯುವ ಕಾರ್ಯವು ನಿಲ್ಲತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ.